ನೋರಾ ಆಂಟಿಯ ಸೋಡಾ ಬ್ರೆಡ್ಡೂ ನನ್ನ ಭಾರದ ಕೈಯೂ

ಹೇಳಿದ ಕೆಲಸ ಮಾಡಲಿಲ್ಲ ಅಂತ ಬೈಸಿಕೊಂಡ ಗಂಡಸರು ಊರ ತುಂಬ ಇದ್ದಾರೆ. ನಾನೂ ಆ ಸಂಘದ ಹಳೆಯ ಸದಸ್ಯನೇ. ಆದರೆ ಹೇಳಿದ ಕೆಲಸವನ್ನು ಮನಸ್ಸಿಟ್ಟು, ಮೈಮುರಿದು, ಬೆವರು ಸುರಿಸಿ ಮಾಡಿದ್ದಕ್ಕೆ ಬೈಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ನಮ್ಮ ಮನೆಗೆ ಬನ್ನಿ, ಇಬ್ಬರೂ ಕೂತು ಚಹಾ ಕುಡಿದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಳ್ಳೋಣ. ಕಳೆದ ಚಳಿಗಾಲ ನನ್ನನ್ನು ಹಿಗ್ಗಾಮುಗ್ಗಾ ಬೈದದ್ದು ನನ್ನ ಹೆಂಡತಿಯಲ್ಲ, ಆಫೀಸಿನ ಮ್ಯಾನೇಜರೂ ಅಲ್ಲ. ಪಕ್ಕದ ಮನೆಯ ಐರಿಷ್ ಮುದುಕಿ. ಕಾರಣ ಕೇಳಿದರೆ ನೀವು ನಂಬಲಿಕ್ಕಿಲ್ಲ. ನಾನು ಹಿಟ್ಟನ್ನು ಚೆನ್ನಾಗಿ ನಾದಿದೆನಂತೆ! ಧಾರವಾಡದ ಕಡೆಯವನೊಬ್ಬನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ ಹೇಳಿ.

ಜೋಳದ ರೊಟ್ಟಿಯ ಸಹವಾಸವಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಗೋಧಿ ಹಿಟ್ಟಿನ ಹಾಗೆ ಜೋಳದ ಹಿಟ್ಟಿಗೆ ತಾನಾಗಿ ಅಂಟುವ ಬುದ್ಧಿ ಇಲ್ಲ. ಕುದಿಯುವ ನೀರು ಹಾಕಿ, ಬಿಸಿ ಇರುವಾಗಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಜಿಗಿ ಬರುವವರೆಗೂ ಬಿಡಬಾರದು. ನಾದಿದ್ದು ಸಾಲದಿದ್ದರೆ ಬಡಿಯುವಾಗ ರೊಟ್ಟಿಯ ಅಂಚು ಬಿರಿದು, ಎತ್ತುವಾಗ ಎರಡು ಹೋಳಾಗುತ್ತದೆ. ನಮ್ಮವ್ವ ನಾದಲು ಕೂತರೆ ಪರಾತ ಅಡುಗೆಮನೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಸರಿದುಕೊಂಡು ಹೋಗುತ್ತಿತ್ತು. ಆ ಕೈ ನನಗೆ ಬಂದಿದೆ. ನನಗೆ ಅವಳಿಂದ ಬಂದ ಆಸ್ತಿಯೆಂದರೆ ಅದೊಂದೇ. ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿರುವ ನಮ್ಮ ಮನೆಯಲ್ಲೂ ಭಾನುವಾರದ ರೊಟ್ಟಿಗೆ ಹಿಟ್ಟು ನಾದುವವನು ನಾನು, ಬಡಿಯುವವಳು ನನ್ನ ಹೆಂಡತಿ ಸುಮಾ, ತಿನ್ನುವಾಗ ಮೊಬೈಲ್ ನೋಡುವವಳು ಮಗಳು ಮೇಘನಾ. ಹೀಗೆ ಕೆಲಸ ಹಂಚಿಕೊಂಡು ಸುಖವಾಗಿದ್ದೆವು.

ನೋರಾ ಆಂಟಿ ನಮ್ಮ ಬದುಕಿಗೆ ಬಂದದ್ದು ಒಂದು ತಾಟಿನ ಸಮೇತ. ಮೊದಲು ನಾವು ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಬಾಡಿಗೆಗಿದ್ದೆವು. ಅಲ್ಲಿ ಪಕ್ಕದ ಮನೆಯವರ ಹೆಸರು ತಿಳಿದದ್ದು ಅವರ ಪಾರ್ಸೆಲ್ ತಪ್ಪಿ ನಮ್ಮ ಬಾಗಿಲಿಗೆ ಬಂದ ದಿನ. ಅಷ್ಟೊಂದು ನೆಮ್ಮದಿಯ ಜಾಗ ಅದು. ಮಾರ್ಟ್‌ಗೇಜ್ ಕೈಗೆಟುಕುವ ಸಬರ್ಬ್ ಹುಡುಕಿಕೊಂಡು ಇಲ್ಲಿಗೆ ಬಂದು ಸಾಮಾನು ಇಳಿಸುತ್ತಿದ್ದ ಹಾಗೆಯೇ, ಬಿಳಿಕೂದಲಿನ, ಅಗಲ ಭುಜದ ಹೆಂಗಸೊಬ್ಬರು ಬಟ್ಟೆ ಮುಚ್ಚಿದ ತಾಟು ಹಿಡಿದು ಬಂದರು. ಒಳಗೆ ಗುಂಡನೆಯ ಬ್ರೆಡ್, ನಡುವೆ ಚಾಕುವಿನಿಂದ ಕೊರೆದ ಶಿಲುಬೆಯ ಗುರುತು. ಸೋಡಾ ಬ್ರೆಡ್ ಅಂದರು. ಈಸ್ಟ್ ಇಲ್ಲ, ಸಕ್ಕರೆ ಇಲ್ಲ, ಹಿಟ್ಟು, ಉಪ್ಪು, ಸೋಡಾ, ಮಜ್ಜಿಗೆ, ಇಷ್ಟೇ. ಐರ್ಲೆಂಡಿನ ಹಳ್ಳಿಯಲ್ಲಿ ತಮ್ಮ ತಾಯಿ ದಿನಾ ಬೆಳಿಗ್ಗೆ ಮಾಡುತ್ತಿದ್ದದ್ದು ಇದನ್ನೇ ಎಂದೂ, ಶಿಲುಬೆ ಕೊರೆಯದಿದ್ದರೆ ಒಳಗಿರುವ ಯಕ್ಷಿಣಿಯರು ಹೊರಗೆ ಹೋಗಲಾರದೆ ಬ್ರೆಡ್ ಕೆಡಿಸುತ್ತಾರೆ ಎಂದೂ ಹೇಳಿ ಹೋದರು. ನಾವು ತಿಂದು ನೋಡಿದೆವು. ಯಕ್ಷಿಣಿಯರು ಹೋಗುವಾಗ ರುಚಿಯನ್ನೂ ಕಟ್ಟಿಕೊಂಡು ಹೋಗಿದ್ದರು.

ಅದು ಅಲ್ಲಿಗೇ ಮುಗಿಯಬೇಕಿತ್ತು. ತಾಟನ್ನು ತೊಳೆದು ನನ್ನ ಕೈಗೆ ಕೊಡುವ ಬದಲು ಸುಮಾ ಅದನ್ನು ಹಿಡಿದುಕೊಂಡು ನಿಂತಳು.

"ಖಾಲಿ ತಾಟು ಹೆಂಗ ವಾಪಸ್ ಕೊಡೂದ್ರಿ? ಮಂದಿ ಏನಂತಾರ?"

"ಇಲ್ಲಿ ಯಾರೂ ಏನೂ ಅನ್ನೂದಿಲ್ಲ ಮಾರಾಯ್ತಿ. ಥ್ಯಾಂಕ್ಸ್ ಹೇಳಿ ಕೊಟ್ಟು ಬರ್ತೀನಿ."

"ನೀವು ಸುಮ್ನಿರ್ರಿ," ಎಂದು ತಾಟಿನ ತುಂಬ ಚಕ್ಕುಲಿ ಹಾಕಿದಳು.

ನೋರಾ ಆಂಟಿಗೂ ಅದೇ ರೋಗ ಎಂದು ನಮಗೇನು ಗೊತ್ತು? ಅವರ ಹಳ್ಳಿಯಲ್ಲೂ ನೆರೆಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಿದರೆ ಮರ್ಯಾದೆ ಹೋಗುತ್ತಿತ್ತಂತೆ. ಚಕ್ಕುಲಿ ಹೋದ ತಾಟಿನಲ್ಲಿ ಮತ್ತೆ ಬ್ರೆಡ್ ಬಂತು. ಬ್ರೆಡ್ಡಿನ ತಾಟಿನಲ್ಲಿ ಶೇಂಗಾ ಹೋಳಿಗೆ ಹೋಯಿತು. ಇಬ್ಬರಲ್ಲಿ ಒಬ್ಬರಾದರೂ ಸ್ವಲ್ಪ ಕೆಟ್ಟ ಹೆಂಗಸಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಗಲಿಲ್ಲ. ಪ್ರತಿ ಶುಕ್ರವಾರ ಒಂದು ಬ್ರೆಡ್ ನಮ್ಮ ಮನೆಗೆ ಬರುವುದು ಕಾಯಂ ಆಯಿತು. ಸುಮಾ ಆಸ್ಪತ್ರೆಯ ಲ್ಯಾಬಿನಲ್ಲಿ ಶಿಫ್ಟ್ ಅಂತ ಹೋಗಿಬಿಡುತ್ತಾಳೆ. ಮೇಘನಾಳನ್ನು ತಿನ್ನು ಅಂದರೆ "ಅಪ್ಪಾ, ಐಮ್ ಆಫ್ ಕಾರ್ಬ್ಸ್" ಎನ್ನುತ್ತಾಳೆ. ಮನೆಯಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡುವವನು ನಾನು, ಆದ್ದರಿಂದ ಬ್ರೆಡ್ ತಿನ್ನುವವನೂ ನಾನು. ಉಪ್ಪಿನಕಾಯಿ ಹಚ್ಚಿ ತಿಂದೆ, ಚಟ್ನಿಪುಡಿ ಎಣ್ಣೆ ಹಾಕಿ ತಿಂದೆ, ಪುಡಿ ಮಾಡಿ ಒಗ್ಗರಣೆ ಕೊಟ್ಟೂ ತಿಂದೆ. ಒಮ್ಮೆ ಬೇಸಿಗೆಯಲ್ಲಿ ಸುಮಾ ತಂಬಿಗೆ ತುಂಬ ಒಗ್ಗರಣೆ ಮಜ್ಜಿಗೆ ಕಳಿಸಿದಳು. ಅಂಗಡಿಯ ಬಟರ್‌ಮಿಲ್ಕಿಗಿಂತ ಇದೇ ತಮ್ಮ ಮನೆಯ ಮಜ್ಜಿಗೆಗೆ ಹತ್ತಿರ ಎಂದು ಆಂಟಿ ಸಂಭ್ರಮಪಟ್ಟು ಅದರಲ್ಲೇ ಹಿಟ್ಟು ಕಲಸಿದರು. ಆ ವಾರದ ಬ್ರೆಡ್ಡಿನಲ್ಲಿ ಹಸಿಮೆಣಸಿನಕಾಯಿ, ಇಂಗು, ಕರಿಬೇವು ಎಲ್ಲ ಇತ್ತು. ಅದೊಂದು ಬ್ರೆಡ್ಡನ್ನು ಮಾತ್ರ ನಾನು ಸಂತೋಷದಿಂದ ತಿಂದೆ. ಮುಂದಿನ ವಾರದಿಂದ ಆಂಟಿ ಸೋಸಿ ಹಾಕತೊಡಗಿದರು.

ಚಳಿಗಾಲದ ಶುರುವಿನಲ್ಲಿ ಅವರು ರಸ್ತೆಬದಿಗೆ ಕಸದ ಬಿನ್ ಇಟ್ಟು ಬರುವಾಗ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಸುಮಾ ಓಡಿಹೋಗಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನನಗೂ ಅಯ್ಯೋ ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಅಯ್ಯೋ ಪಾಪದ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ಇನ್ನು ಶುಕ್ರವಾರ ಅವಲಕ್ಕಿ ತಿನ್ನಬಹುದು.

ಹೀಗೆ ಅಂದುಕೊಂಡದ್ದು ದೇವರಿಗೆ ಕೇಳಿಸಿತೋ, ಯಕ್ಷಿಣಿಯರಿಗೆ ಕೇಳಿಸಿತೋ ಗೊತ್ತಿಲ್ಲ. ಮರುವಾರವೇ ಆಂಟಿ ಪ್ಲಾಸ್ಟರ್ ಹಾಕಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ನಮ್ಮ ಮನೆಗೆ ಬಂದು ಕೂತರು. ಅವರ ಇಂಗ್ಲಿಷ್ ನನಗೆ ಅರ್ಧದಷ್ಟು ತಿಳಿಯುತ್ತದೆ. ತಿಳಿದಷ್ಟನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ. ಅವರ ಅಣ್ಣ ಡ್ಯಾನ್ ಐರ್ಲೆಂಡಿನಿಂದ ಸಿಡ್ನಿಗೆ ಮೊಮ್ಮಗಳ ಮದುವೆಗೆ ಬರುತ್ತಿದ್ದಾನೆ. ಅಲ್ಲಿಂದ ಒಂದು ದಿನದ ಮಟ್ಟಿಗೆ ತಂಗಿಯನ್ನು ನೋಡಲು ಮೆಲ್ಬರ್ನಿಗೆ ಬರುತ್ತಾನೆ. ಇಬ್ಬರೂ ಮುಖ ನೋಡಿ ಎಷ್ಟೋ ಕಾಲವಾಯಿತು. ಇಬ್ಬರಿಗೂ ಇನ್ನೊಮ್ಮೆ ಅಷ್ಟು ದೂರ ಹಾರುವ ವಯಸ್ಸಲ್ಲ. ಅವನ ಮುಂದೆ ಅಮ್ಮನ ಬ್ರೆಡ್ ಇಡಬೇಕು, ಹಿಟ್ಟು ಕಲಸುವ ಕೈಯೇ ಮುರಿದು ಕೂತಿದೆ.

"ಅಂಗಡಿಯಲ್ಲಿ ಸಿಗುತ್ತಲ್ಲ ಆಂಟಿ?" ಅಂದೆ. ಬೀಗರು ಬಂದಾಗ ಪ್ಯಾಕೆಟ್ ರೊಟ್ಟಿ ಬಡಿಸಿ ಅಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಅಷ್ಟರಲ್ಲಿ ಸುಮಾ, ನನ್ನನ್ನು ಒಂದು ಮಾತೂ ಕೇಳದೆ, "ಡೋಂಟ್ ವರಿ ಆಂಟಿ, ಹಿ ವಿಲ್ ಮೇಕ್," ಎಂದುಬಿಟ್ಟಳು. ನಾನು ಕಣ್ಣು ಬಿಟ್ಟರೆ ಕನ್ನಡಕ್ಕೆ ತಿರುಗಿ, "ಅದೇನ್ ದೊಡ್ಡ ಮಾತ್ರಿ? ನಮ್ಮ ಮನ್ಯಾಗ ಹಿಟ್ಟು ನಾದೂದು ನೀವಲ್ಲೇನು?" ಎಂದಳು. ಹೊಗಳಿಕೆಯಂತೆ ಕೇಳಿಸಿತು. ಹೊಗಳಿಕೆಗೆ ನಾನು ಸುಲಭವಾಗಿ ಬೀಳುತ್ತೇನೆ.

ಮೊದಲ ದಿನ ಆಫೀಸಿನ ಊಟದ ಬಿಡುವಿನಲ್ಲಿ ಅವರ ಅಡುಗೆಮನೆಗೆ ಹೋದೆ. ಆಂಟಿ ಎತ್ತರದ ಸ್ಟೂಲಿನ ಮೇಲೆ ಕೂತು ಒಂದೊಂದಾಗಿ ಹೇಳಿದರು. ಹಿಟ್ಟು, ಉಪ್ಪು, ಸೋಡಾ ಬೆರೆಸಿದೆ. ನಡುವೆ ಗುಳಿ ಮಾಡಿ ಮಜ್ಜಿಗೆ ಸುರಿದೆ. ಬೆರಳುಗಳನ್ನು ಅಗಲಿಸಿ ಒಂದು ಸುತ್ತು ತಿರುಗಿಸು ಅಂದರು, ತಿರುಗಿಸಿದೆ. ಆಮೇಲೆ ಅವರು ಚಹಾದ ಕೆಟಲ್ ಕಡೆ ತಿರುಗಿದರು. ಅಷ್ಟೇ ಸಾಕಾಯಿತು. ನನ್ನ ಎದುರಿಗೆ ಒಂದು ಹಿಟ್ಟಿನ ಮುದ್ದೆ ಬಿದ್ದಿದೆ, ಒರಟಾಗಿ, ಗಂಟುಗಂಟಾಗಿ, ಯಾರೂ ದಿಕ್ಕಿಲ್ಲದ ಹಾಗೆ. ನನ್ನ ಅಂಗೈ ತಾನಾಗಿ ಅದರ ಮೇಲೆ ಇಳಿಯಿತು. ಒತ್ತಿದೆ, ಮಡಚಿದೆ, ಮತ್ತೆ ಒತ್ತಿದೆ. ಏನು ಹದವಾಗಿ ಬರುತ್ತಿತ್ತು ಅಂತೀರಿ! ಮುದ್ದೆ ನುಣ್ಣಗಾಗಿ ಹೊಳೆಯತೊಡಗಿದಾಗ ಆಂಟಿ ಇತ್ತ ತಿರುಗಿ ಕಿಟಾರನೆ ಕಿರುಚಿದರು.

"ಕೈ ತೆಗಿ! ಕೈ ತೆಗಿ ಅಂದೆ! ಕೊಂದುಬಿಟ್ಟೆಯಲ್ಲೋ ಅದನ್ನ!"

ಬ್ರೆಡ್ ಬೆಂದ ಮೇಲೆ ತಳವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕಂತೆ. ನನ್ನದಕ್ಕೆ ತಟ್ಟಿದರೆ ಬೆರಳು ನೋಯಿತು. ಮನೆಗೆ ತಂದರೆ ಮೇಘನಾ ಅದನ್ನು ಎತ್ತಿ ನೋಡಿ, "ಅಪ್ಪಾ, ಇಟ್ಸ್ ಬ್ರೆಡ್, ನಾಟ್ ಕುಸ್ತಿ," ಎಂದು ಮೇಲೆ ಹೋದಳು. ಕನ್ನಡದಲ್ಲಿ ಅವಳಿಗೆ ಬರುವ ಕೆಲವೇ ಪದಗಳು ಇಂಥ ಸಮಯಕ್ಕೇ ನೆನಪಾಗುತ್ತವೆ.

ಎರಡನೆಯ ಸಲ ಹಲ್ಲುಕಚ್ಚಿ ಕೈ ಹಿಡಿದುಕೊಂಡೆ. ನಾದಲಿಲ್ಲ. ಆದರೆ ಕಲಸಿದ ಹಿಟ್ಟನ್ನು ನೆನೆಯಲು ಬಿಡುವುದು ಯಾರಿಗೆ ತಾನೇ ಹೇಳಿಕೊಡಬೇಕು? ಚಪಾತಿ ತಿಂದು ಬೆಳೆದ ಯಾವ ಮನುಷ್ಯನಾದರೂ ಮಾಡುವ ಕೆಲಸ ಅದು. ಒದ್ದೆ ಬಟ್ಟೆ ಮುಚ್ಚಿ, ಮನೆಗೆ ಬಂದು, ಕ್ಯಾಮೆರಾ ಆಫ್ ಇಟ್ಟು ಒಂದು ಮೀಟಿಂಗ್ ಮುಗಿಸಿ ಹೋದೆ. ಆಂಟಿ ಅಷ್ಟುಹೊತ್ತು ಫೋನಿನಲ್ಲಿದ್ದರು. ಬಟ್ಟೆ ತೆಗೆದು ನೋಡಿ ತಲೆ ಮೇಲೆ ಕೈಯಿಟ್ಟುಕೊಂಡರು. ಸೋಡಾಕ್ಕೆ ಮಜ್ಜಿಗೆ ಸೋಕಿದ ಕ್ಷಣದಿಂದ ಉಸಿರು ಹೋಗತೊಡಗುತ್ತದೆ, ಕೂಡಲೇ ಒಲೆಗೆ ಹಾಕಬೇಕು, ಗೊತ್ತಾಗಲ್ವಾ ನಿನಗೆ, ಎಂದು ಶುರುವಾಯಿತು. ಅವರ ತಾಯಿಗೆ ಒಲೆಯೂ ಇರಲಿಲ್ಲವಂತೆ. ಜೌಗುನೆಲದಿಂದ ಕಡಿದು ಒಣಗಿಸಿದ ಹೆಂಟೆಗಳ ಬೆಂಕಿ, ನಮ್ಮ ಸಗಣಿ ಕುಳ್ಳಿನ ಬೆಂಕಿಯ ಹಾಗೆ. ಅದರ ಮೇಲೆ ಮೂರು ಕಾಲಿನ ಕಬ್ಬಿಣದ ಪಾತ್ರೆ, ಮುಚ್ಚಳದ ಮೇಲೂ ಕೆಂಡ. ಅಂಥದ್ದರಲ್ಲಿ ಆಯಮ್ಮ ಬೆಳಗಾಗುವುದರೊಳಗೆ ಮನೆಮಂದಿಗೆಲ್ಲ ಬ್ರೆಡ್ ಮಾಡಿ ಮುಗಿಸುತ್ತಿದ್ದರು, ನಿನಗೆ ಬಟನ್ ಒತ್ತುವ ಓವನ್ ಇದೆ! ನಾನು ಗೋಣು ಹಾಕಿ ಕೇಳಿದೆ. ಮನೆಗೆ ಬಂದು ಸುಮಾಳ ಹತ್ತಿರ ಹೇಳಿಕೊಂಡರೆ ಅವಳು, "ಅಕಿ ಹೇಳಿದ್ದಷ್ಟ ಮಾಡ್ರಿ. ನಿಮ್ಮ ಶಾಣ್ಯಾತನ ಯಾರು ಕೇಳ್ಯಾರ?" ಎಂದಳು.

ಮೂರನೆಯದೂ ಕಲ್ಲಾಯಿತು. ಅವರು ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗೈ ತನ್ನ ಕೆಲಸ ಮುಗಿಸಿತ್ತು. ಅವತ್ತು ಮಾತ್ರ ನನಗೂ ರೇಗಿತು. "ಸಾಕು ಆಂಟಿ. ನನ್ನ ಕೈಲಾಗಲ್ಲ. ಕೆಲಸ ಮಾಡು ಅಂತ ಬೈದರೆ ಮಾಡಬಹುದು, ಮಾಡಬೇಡ ಅಂತ ಬೈದರೆ ಏನು ಮಾಡಲಿ? ಬೇರೆ ಯಾರನ್ನಾದರೂ ನೋಡಿಕೊಳ್ಳಿ," ಎಂದು ಏಪ್ರನ್ ಬಿಚ್ಚಿ ಇಟ್ಟೆ. ಅವರು ಜಗಳಕ್ಕೆ ಬರುತ್ತಾರೆ ಅಂದುಕೊಂಡಿದ್ದೆ, ಬರಲಿಲ್ಲ. ಸ್ಟೂಲಿನ ಮೇಲೆ ಕೂತಲ್ಲೇ ಕುಗ್ಗಿಹೋದರು. ಆಮೇಲೆ ಮೆಲ್ಲಗೆ ಹೇಳಿದರು. ಅವರಮ್ಮ ಹೋದದ್ದು ಬೆಳಗಿನ ಬ್ರೆಡ್ ಮಾಡಿಟ್ಟ ಮೇಲೆ. ಮಣ್ಣಿಗೆ ಬಂದವರಿಗೆಲ್ಲ ಡ್ಯಾನ್ ಅದನ್ನೇ ಕೊಯ್ದು ಕೊಟ್ಟನಂತೆ. ನೋರಾ ಆಗ ಇಲ್ಲಿ, ಎಳೆಗೂಸು ಕಟ್ಟಿಕೊಂಡು ಕೂತಿದ್ದರು. ಹೋಗಲಾಗಲಿಲ್ಲ. "ಎಲ್ಲರಿಗೂ ಒಂದೊಂದು ತುಂಡು ಸಿಕ್ಕಿತು, ನನಗೆ ಸಿಗಲಿಲ್ಲ. ಡ್ಯಾನ್ ಜೊತೆ ಕೂತು ಒಂದು ಸಲ ತಿನ್ನಬೇಕು. ಅಷ್ಟೇ," ಎಂದರು.

ಇದನ್ನು ಮೊದಲೇ ಹೇಳಬಾರದಿತ್ತೇ? ಇಂಥ ಮಾತು ಕೇಳಿದ ಮೇಲೆ ಇಲ್ಲ ಅನ್ನಲು ನಾನೇನು ರಾಕ್ಷಸನೇ? ಬಿಚ್ಚಿಟ್ಟ ಏಪ್ರನ್ ಮತ್ತೆ ಕಟ್ಟಿಕೊಂಡೆ. ಸಿಟ್ಟು ಮಾತ್ರ ಇಳಿಯಲಿಲ್ಲ, ಅದು ಈಗ ಪೂರ್ತಿಯಾಗಿ ನನ್ನ ಬಲಗೈಯ ಮೇಲೆ ತಿರುಗಿತು. ಎರಡು ದಿನ ಅದನ್ನೇ ದಿಟ್ಟಿಸಿ ನೋಡಿಕೊಂಡು ಓಡಾಡಿದೆ. ಆಮೇಲೆ ಒಂದು ಉಪಾಯ ಹೊಳೆಯಿತು. ನಾದುವುದನ್ನು ಕಲಿತಿರುವುದು ಬಲಗೈ. ಹುಟ್ಟಿದಾಗಿನಿಂದ ಊಟದ ವಿಷಯಕ್ಕೆ ಎಡಗೈಯನ್ನು ಹತ್ತಿರ ಬಿಟ್ಟಿಲ್ಲ. ಚಿಕ್ಕಂದಿನಲ್ಲಿ ಎಡಗೈ ತಾಟಿನ ಕಡೆ ಹೋದರೆ ನಮ್ಮವ್ವ ಪಟ್ಟಂತ ಹೊಡೆಯುತ್ತಿದ್ದಳು. ಅದು ಬರೀ ಹಾರ್ಮೋನಿಯಂ ತಿದಿ ಒತ್ತುವಂಥ ಕೆಲಸಕ್ಕೆ ಇದ್ದ ಕೈ, ಹಿಟ್ಟಿನ ಗಂಧವೇ ಅದಕ್ಕೆ ಗೊತ್ತಿಲ್ಲ. ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ ಎಡಗೈಯಿಂದ ಕಲಸಿದೆ. ಎರಡು ಸುತ್ತು ತಿರುಗಿ ಏನು ಮಾಡಬೇಕೋ ತಿಳಿಯದೆ ಆ ಕೈ ಸುಮ್ಮನೆ ನಿಂತುಬಿಟ್ಟಿತು. ಆಂಟಿ ಸ್ಟೂಲಿನಿಂದ ಅರ್ಧ ಎದ್ದು, "ಹಾಂ! ಅಷ್ಟೇ! ಬಿಡು!" ಎಂದರು. ಬ್ರೆಡ್ ಅರಳಿಕೊಂಡು ಬಂತು. ತಳ ತಟ್ಟಿದರೆ ಟೊಳ್ಳು ಸದ್ದು. ಈ ಸುದ್ದಿಯನ್ನು ಕುಣಿದುಕೊಂಡು ಹೋಗಿ ಸುಮಾಳಿಗೆ ಹೇಳಿದರೆ ಅವಳು ಎರಡೂ ಕೆನ್ನೆ ಬಡಿದುಕೊಂಡಳು. "ಎಡಗೈಲೆ? ಹಿರ್ಯಾರು ತಿನ್ನೂದನ್ನ ಎಡಗೈಲೆ ಕಲಸಿದ್ರಿ? ಶಿವನ, ಯಾರ ಮುಂದೂ ಹೇಳಬ್ಯಾಡ್ರಿ ಮತ್ತ!"

ಡ್ಯಾನ್ ಬಂದ ದಿನ ನಾನು ರಜೆ ಹಾಕಿದ್ದೆ. ಬ್ರೆಡ್ ಬಿಸಿಯಾಗಿಯೇ ಇರಬೇಕೆಂದು ಅವರು ಬಂದು ಕೂತ ಮೇಲೆಯೇ ಕಲಸಲು ತೊಡಗಿದೆ. ತೆಳ್ಳಗೆ, ಉದ್ದಕ್ಕೆ, ಕೋಲಿನ ಮೇಲೆ ಎರಡೂ ಕೈ ಊರಿ ಕೂತಿದ್ದ ಡ್ಯಾನ್, ಒಂದು ಕೈ ಜೇಬಿನಲ್ಲಿಟ್ಟು ಇನ್ನೊಂದರಿಂದ ಹಿಟ್ಟು ಕಲಸುವ ಈ ಕಂದು ಬಣ್ಣದ ಮನುಷ್ಯನನ್ನು ಬಹಳ ಹೊತ್ತು ನೋಡಿದರು.

"ಆ ಕೈಗೂ ಏನಾದರೂ ಆಗಿದೆಯಾ?" ಎಂದರು.

"ಅದಕ್ಕೆ ನಾದುವ ಚಟ," ಎಂದೆ. "ಹೊರಗೆ ಬಿಟ್ಟರೆ ನಿಮ್ಮ ತಂಗಿ ನನ್ನನ್ನು ಬಿಡುವುದಿಲ್ಲ. 'ಕೈ ತೆಗಿ, ಕೊಂದುಬಿಟ್ಟೆ' ಅಂತಾರೆ."

ಮುದುಕ ನಗತೊಡಗಿದರು. ನಗುತ್ತಾ ನಗುತ್ತಾ ಕೆಮ್ಮು ಬಂತು, ನೀರು ಕೊಟ್ಟೆ. "ಅದು ಅಮ್ಮನ ಮಾತು! ಅಮ್ಮ ಇವಳಿಗೆ ಹೇಳುತ್ತಿದ್ದ ಮಾತು!" ಎಂದರು. "ನೋರಾ ಮುಟ್ಟಿದ ಬ್ರೆಡ್ಡನ್ನು ನಮ್ಮ ಕೋಳಿಗಳೂ ಕುಕ್ಕುತ್ತಿರಲಿಲ್ಲ. ಇವಳದು ಕತ್ತೆಯಂಥ ಬಲ, ಹಿಟ್ಟಿನ ಜೊತೆ ಜಗಳಕ್ಕೇ ನಿಲ್ಲುತ್ತಿದ್ದಳು. ಕೊನೆಗೆ ಅಮ್ಮ ಇವಳನ್ನು ಅಡುಗೆಮನೆಯಿಂದಲೇ ಓಡಿಸಿ ಬೆಣ್ಣೆ ಕಡೆಯುವ ಕೆಲಸಕ್ಕೆ ಹಾಕಿದಳು. ಇವಳು ಬ್ರೆಡ್ ಕಲಿತದ್ದು ಈ ದೇಶಕ್ಕೆ ಬಂದ ಮೇಲೆ, ಬೈಯಲು ಅಮ್ಮ ಇಲ್ಲದಾಗ."

ನಾನು ಆಂಟಿಯ ಕಡೆ ತಿರುಗಿದೆ. ಇಷ್ಟು ದಿನ ಯಾವ ತಪ್ಪಿಗೆ ನನ್ನ ಜೀವ ಹಿಂಡಿದ್ದರೋ ಆ ತಪ್ಪಿನ ಯಜಮಾನಿ ಇವರೇ! ಅವರ ಮುಖ ಕಿವಿಯವರೆಗೆ ಕೆಂಪಾಗಿತ್ತು. "ಓವನ್ ಕಡೆ ನೋಡು, ನನ್ನನ್ನೇನು ನೋಡ್ತೀಯ," ಎಂದರು.

ಬ್ರೆಡ್ ಬಂತು. ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಆರಿಸಿ, ಕೊಯ್ದು, ಬೆಣ್ಣೆ ಹಚ್ಚಿ ಇಬ್ಬರ ಮುಂದೂ ಇಟ್ಟೆ. ಡ್ಯಾನ್ ಒಂದು ತುತ್ತು ಅಗಿದರು, ನಿಧಾನವಾಗಿ ಅಗಿಯುತ್ತಲೇ ಇದ್ದರು. ಆಂಟಿ ತಮ್ಮ ತುಂಡನ್ನು ಮುಟ್ಟದೆ ಅಣ್ಣನ ಬಾಯಿಯನ್ನೇ ನೋಡುತ್ತಿದ್ದರು. ನಾನೂ ಉಸಿರು ಬಿಗಿಹಿಡಿದು ನಿಂತಿದ್ದೆ. ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ನಾನು ಹಾಗೆ ನಿಂತಿರಲಿಲ್ಲ. "ಅಮ್ಮನದೇ ನೋರಾ," ಎಂದರು ಡ್ಯಾನ್. "ತಿನ್ನು, ಆರಿಹೋಗುತ್ತೆ." ಆಂಟಿ ಎಡಗೈಯಿಂದ ತುಂಡನ್ನು ಎತ್ತಿ ಬಾಯಿಗಿಟ್ಟುಕೊಂಡು ಅಳುತ್ತಾ ತಿಂದರು. ಡ್ಯಾನ್ ತಂಗಿಯ ಪ್ಲಾಸ್ಟರಿನ ಮೇಲೆ ಕೈಯಿಟ್ಟು ಇನ್ನೊಂದು ತುಂಡು ತೆಗೆದುಕೊಂಡರು. ನಾನು ಸಿಂಕಿನ ಕಡೆ ಮುಖ ಮಾಡಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಆಮೇಲೆ ನಾನೂ ಒಂದು ತುಂಡು ತಿಂದೆ. ಇಷ್ಟೆಲ್ಲ ಆದ ಮೇಲಾದರೂ ರುಚಿ ಹತ್ತೀತು ಅಂದುಕೊಂಡೆ. ಇಲ್ಲ ಸ್ವಾಮಿ, ಅದೇ ಒಣಕಲು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಆಂಟಿಯ ಮಣಿಕಟ್ಟು ಸೆಟೆದುಹೋಗಿತ್ತು. ಮೆತ್ತನೆಯದೇನಾದರೂ ಒತ್ತಿ ಒತ್ತಿ ಅಭ್ಯಾಸ ಮಾಡಿ ಎಂದು ಫಿಸಿಯೋದವರು ಹೇಳಿದರಂತೆ. ಸುಮಾ ಅವರನ್ನು ಒಂದು ಭಾನುವಾರ ಕರೆದು ಪರಾತದಲ್ಲಿ ಒಂದು ಮುಷ್ಟಿ ಜೋಳದ ಹಿಟ್ಟು ಕೊಟ್ಟು ನೋಡಿದಳು. ವಾರ ಕಳೆದಂತೆ ಮುಷ್ಟಿ ಬೊಗಸೆಯಾಯಿತು, ಬೊಗಸೆ ಪರಾತ ತುಂಬಿತು. ಐರ್ಲೆಂಡಿನ ಕೋಳಿಗಳೂ ಒಲ್ಲೆ ಅಂದ ಆ ಭಾರದ ಕೈ ಜೋಳಕ್ಕೆ ಹೇಳಿ ಮಾಡಿಸಿದಂತಿದೆ. ನನ್ನ ಹಿಟ್ಟಿಗೆ ಇಷ್ಟು ವರ್ಷ "ಹೂಂ, ನಡೀತೈತಿ" ಎನ್ನುತ್ತಿದ್ದ ಸುಮಾ, ಈಗ ರೊಟ್ಟಿ ಬಡಿಯುತ್ತಾ, "ಏನ್ ಹದ ರೀ ಆಂಟಿ! ಒಂದಾದ್ರೂ ಬಿರದೈತೇನು ನೋಡ್ರಿ!" ಎಂದು ಕನ್ನಡದಲ್ಲೇ ಹೊಗಳುತ್ತಾಳೆ. ಆಂಟಿಗೆ ಕನ್ನಡ ಬರದಿದ್ದರೂ ಎಲ್ಲ ಅರ್ಥವಾಗುತ್ತದೆ. ನನ್ನ ಪಾಲಿಗೆ ಶುಕ್ರವಾರದ ಬ್ರೆಡ್ ಉಳಿದಿದೆ, ಈಗ ಮಾಡುವವನೂ ನಾನೇ, ತಿನ್ನುವವನೂ ನಾನೇ.

ಮೊನ್ನೆ ಊರಿನ ಇನ್ನೊಂದು ತುದಿಯ ಕ್ಲೈಡ್ ನಾರ್ತ್‌ನಿಂದ ಹುಬ್ಬಳ್ಳಿಯ ಗೆಳೆಯನ ಕುಟುಂಬ ಊಟಕ್ಕೆ ಬಂದಿತ್ತು. ರೊಟ್ಟಿ ತಿಂದು ಹೊಗಳಿದ್ದೇ ಹೊಗಳಿದ್ದು. ಸುಮಾ ಹೆಮ್ಮೆಯಿಂದ ನೋರಾ ಆಂಟಿಯನ್ನು ಮುಂದೆ ತಂದು ನಿಲ್ಲಿಸಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೂಲೆಯಲ್ಲಿ ನಿಂತದ್ದನ್ನು ನೋಡಿ ಗೆಳೆಯನ ತಾಯಿಗೆ ಪಾಪ ಅನ್ನಿಸಿರಬೇಕು. "ಯಪ್ಪಾ, ಈ ಬ್ರೆಡ್ ನೀ ಮಾಡಿದ್ದಂತಲ್ಲ? ಭಾಳ ಹಗುರ ಐತಿ. ಹೆಂಗ ಕಲಸ್ತೀ?" ಎಂದು ಕೇಳಿ ಒಂದು ತುಂಡು ಮುರಿದು ಎತ್ತಿಕೊಂಡರು. ಬಂದಾಗಿನಿಂದ ನನ್ನನ್ನು ಮೆಚ್ಚಿ ಮಾತನಾಡಿದವರು ಅವರೊಬ್ಬರೇ. ಸುಮಾ ಬಾಗಿಲ ಬಳಿಯಿಂದ ಬೇಡ ಬೇಡ ಎಂದು ಕಣ್ಣು ಸನ್ನೆ ಮಾಡುತ್ತಿದ್ದದ್ದು ನನಗೆ ಕಾಣಿಸಿತು. ಆದರೂ ಹೊಗಳಿಸಿಕೊಂಡ ಹುರುಪಿನಲ್ಲಿ, ಎಡಗೈಯನ್ನು ಮುಂದೆ ಚಾಚಿ, ಬೆರಳು ಅಗಲಿಸಿ, ಹೇಗೆ ತಿರುಗಿಸುತ್ತೇನೆಂದು ಎಲ್ಲರಿಗೂ ಕಾಣುವಂತೆ ಮಾಡಿ ತೋರಿಸಿದೆ. ಗೆಳೆಯನ ತಾಯಿ ಬ್ರೆಡ್ಡನ್ನು ಬಾಯಿಯವರೆಗೆ ಒಯ್ದವರು ಹಾಗೇ ಕೆಳಗಿಟ್ಟು, ತಮಗೆ ಗೋಧಿ ಆಗಿಬರುವುದಿಲ್ಲ ಎಂದರು. ಆ ಕ್ಷಣದಿಂದ ಅವರ ಮನೆಮಂದಿಯಲ್ಲಿ ಯಾರಿಗೂ ಗೋಧಿ ಆಗಿಬರಲಿಲ್ಲ.